ಫೋಟೊ ಊರೂರು ಸುತ್ತಲಿ, ಹೆಸರು ಜೊತೆಗೇ ಇರಲಿ
(ಓದುಗರ ಪ್ರಶ್ನೆ, ನಮ್ಮ ಉತ್ತರ)

ಆನ್‌ಲೈನ್‌ನಲ್ಲಿ ಹಾಕುವ ಫೋಟೊಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹೋದ ಸಲ ಹೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಉಡುಪಿ, ಮಂಗಳೂರು ಕಡೆಯವೇ. ಹಪ್ಪಳ ಮಾರುವವರು, ಸೀರೆ ಮಾರುವವರು, ಅಡುಗೆ ಬರೆಯುವವರು, ಊರಿನ ಕತೆ ಬರೆಯುವವರು ಎಲ್ಲರೂ ಇದ್ದಾರೆ. ಕೆಲವು ಪತ್ರಗಳನ್ನು ಸ್ವಲ್ಪ ಮೊಟಕು ಮಾಡಿದ್ದೇವೆ.

ಪ್ರಶ್ನೆ: ನಾನು ಅಡುಗೆ ಬಗ್ಗೆ ಬರೆದು ನನ್ನ ಸೈಟ್‌ನಲ್ಲಿ ಹಾಕುತ್ತೇನೆ. ಹಲಸಿನ ಹಪ್ಪಳದ ಮಾರಾಟವೂ ಇದೆ. ಫೋಟೊದ ಕೆಳಗಿನ ಮೂಲೆಯಲ್ಲಿ ನನ್ನ ಹೆಸರು ಹಾಕಿದ್ದೆ. ಮೊನ್ನೆ ನನ್ನದೇ ಪತ್ರೊಡೆ ಫೋಟೊ ಇನ್ಯಾರದೋ ಪೇಜ್‌ನಲ್ಲಿ ಸಿಕ್ಕಿತು, ಮೂಲೆ ಮಾತ್ರ ಕತ್ತರಿಸಿದ್ದರು. ನಡುವೆ ದೊಡ್ಡದಾಗಿ ಹೆಸರು ಬರೆದರೆ ಪತ್ರೊಡೆಯೇ ಕಾಣುವುದಿಲ್ಲ ಅಂತ ಮನೆಯವರು ಹೇಳುತ್ತಾರೆ. ಏನು ಮಾಡಲಿ?
— ಓದುಗರೊಬ್ಬರು, ಕಾರ್ಕಳ

ಉತ್ತರ: ನಿಮ್ಮ ಕಡೆ ಹಳೆಯ ಹಂಚಿನ ಮನೆ ಇದ್ದರೆ ಒಂದು ಹಂಚು ಇಳಿಸಿ ತಿರುಗಿಸಿ ನೋಡಿ. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅವರ ಹಂಚಿನಲ್ಲಿ ಕಾರ್ಖಾನೆಯ ಹೆಸರು ಉಬ್ಬಾಗಿ ಮೂಡಿರುತ್ತದೆ. ಬಣ್ಣದಲ್ಲಿ ಬರೆದದ್ದಲ್ಲ, ಚೀಟಿ ಅಂಟಿಸಿದ್ದೂ ಅಲ್ಲ. ಮಣ್ಣು ಹಸಿ ಇರುವಾಗಲೇ ಅಚ್ಚಿನಲ್ಲಿ ಒತ್ತಿ ಆಮೇಲೆ ಸುಟ್ಟದ್ದು. ಹೆಸರು ಕೀಳಬೇಕಾದರೆ ಹಂಚನ್ನೇ ಒಡೆಯಬೇಕು. ಹಡಗಿನಲ್ಲಿ ಎಲ್ಲೆಲ್ಲಿಗೋ ಹೋದ ಆ ಹಂಚುಗಳು ಇವತ್ತಿಗೂ ತಾವು ಯಾವ ಊರಿನವು ಅಂತ ಹೇಳುತ್ತವೆ.

ಫೋಟೊಕ್ಕೂ ಇದೇ ಮಾಡಬೇಕು. ಮೂಲೆಯಲ್ಲಿರುವ ಹೆಸರು ಚೀಟಿ ಇದ್ದ ಹಾಗೆ, ಕತ್ತರಿಸಲು ಎರಡು ಸೆಕೆಂಡ್ ಸಾಕು. ಬೇಕಂತಲೇ ಕತ್ತರಿಸದಿದ್ದರೂ ಅದು ಹೋಗುತ್ತದೆ. ವಾಟ್ಸಾಪ್, ಇನ್‌ಸ್ಟಾಗ್ರಾಂ ಎಲ್ಲ ತಮಗೆ ಬೇಕಾದ ಆಕಾರಕ್ಕೆ ಅಂಚನ್ನು ತಿನ್ನುತ್ತವೆ ಅಲ್ವಾ. ಹಾಗಂತ ನಡುವೆ ಅಡ್ಡಡ್ಡ ಬರೆಯುವುದೂ ಬೇಡ, ನಿಮ್ಮ ಮನೆಯವರ ಮಾತು ಸರಿ. ಪತ್ರೊಡೆ ನೋಡಲು ಬಂದವರಿಗೆ ಪತ್ರೊಡೆ ಕಾಣಲೇಬೇಕು.

ಹೆಸರನ್ನು ಪದಾರ್ಥಕ್ಕೆ ತಾಗಿಕೊಂಡೇ ಇಡಿ. ತಟ್ಟೆಯ ಅಂಚಿನ ಪಕ್ಕದಲ್ಲಿ, ಬಾಳೆಲೆಯ ಖಾಲಿ ಜಾಗದಲ್ಲಿ, ಮಣೆಯ ಮರದ ಮೇಲೆ. ಅದನ್ನು ಕತ್ತರಿಸಲು ಹೋದರೆ ತಟ್ಟೆಯೂ ಅರ್ಧ ಹೋಗಬೇಕು, ಅಂಥ ಜಾಗ ನೋಡಿ. ಅಕ್ಷರ ಚಿಕ್ಕದಿರಲಿ, ಆದರೆ ಮಸುಕಾಗದಿರಲಿ. ಹೆಸರು ಅರೆ ಮಸುಕಾಗಿದ್ದರೆ ಫೋಟೊ ಚೆಂದ ಅಂತ ತುಂಬ ಜನ ತೀರಾ ತೆಳ್ಳಗೆ ಮಾಡುತ್ತಾರೆ. ನಾಲ್ಕು ಗ್ರೂಪ್ ದಾಟುವಷ್ಟರಲ್ಲಿ ಅದು ಅಳಿಸಿಯೇ ಹೋಗುತ್ತದೆ. ಸೈಟ್‌ನ ಇಡೀ ವಿಳಾಸ ಬರೆಯಬೇಡಿ, ಯಾರೂ ಅದನ್ನು ನೋಡಿಕೊಂಡು ಟೈಪ್ ಮಾಡುವುದಿಲ್ಲ. ಹುಡುಕಿದರೆ ನೀವೇ ಸಿಗುವಂಥ ಎರಡು ಪದ ಸಾಕು.

ಇದಕ್ಕಿಂತ ಗಟ್ಟಿ ದಾರಿ ಇನ್ನೊಂದಿದೆ, ನನಗೆ ಹೆಚ್ಚು ಇಷ್ಟವಾದದ್ದೂ ಅದೇ. ಹೆಸರೇ ಇಲ್ಲದಿದ್ದರೂ ಇದು ಕಾರ್ಕಳದ ಅವರ ಫೋಟೊ ಅಂತ ಗೊತ್ತಾಗಬೇಕು. ಅದಕ್ಕೆ ಪ್ರತಿ ಸಲ ಒಂದೇ ಹಳೆಯ ಮರದ ಮಣೆ ಬಳಸಿ. ಒಂದೇ ಕಿಟಕಿಯ ಬೆಳಕಿರಲಿ. ಒಂದೇ ಅಂಚಿನ ಬಟ್ಟೆ ಪಕ್ಕದಲ್ಲಿರಲಿ. ಅಕ್ಷರಕ್ಕೆ ಒಂದು ಬಣ್ಣ ಆರಿಸಿಕೊಂಡು ಅದರ ಹೆಕ್ಸ್ ಕೋಡ್, ಅಂದರೆ ಆ ಬಣ್ಣವನ್ನು ಗುರುತಿಸುವ ಅಂಕಿ-ಅಕ್ಷರ ಸೇರಿದ ಆರು ಚಿಹ್ನೆ, ಬರೆದಿಟ್ಟುಕೊಳ್ಳಿ. ಸುಮಾರಾಗಿ ಅದೇ ಕೆಂಪು ಅಂತ ಪ್ರತಿ ಸಲ ಕಣ್ಣಂದಾಜಿನಲ್ಲಿ ಹಾಕಿದರೆ ಹತ್ತು ಫೋಟೊದಲ್ಲಿ ಹತ್ತು ಕೆಂಪು ಬರುತ್ತದೆ. ಹಬ್ಬಕ್ಕೊಂದು ಚೌಕಟ್ಟು, ವಾರಕ್ಕೊಂದು ಅಕ್ಷರ ಬದಲಿಸುವ ಆಸೆ ಬರುತ್ತದೆ, ಬರಲಿ, ಬದಲಿಸಬೇಡಿ. ನಿಮಗೆ ಬೇಜಾರು ಬರುವ ಹೊತ್ತಿಗೆ ನೋಡುವವರಿಗೆ ಆಗಷ್ಟೇ ಗುರುತು ಹತ್ತುತ್ತಿರುತ್ತದೆ.

ಕದ್ದು ಹಾಕಿದವರಿಗೆ ಮೊದಲು ಒಂದು ಮೆಸೇಜ್ ಕಳಿಸಿ, ಹೆಸರು ಹಾಕಿ ಅಥವಾ ತೆಗೆಯಿರಿ ಅಂತ. ಕೇಳದಿದ್ದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡರಲ್ಲೂ ಕಾಪಿರೈಟ್ ದೂರು ಕೊಡುವ ಫಾರ್ಮ್ ಇದೆ. ಅದಕ್ಕಾಗಿಯೇ ಮೂಲ ಫೋಟೊವನ್ನು, ಹೆಸರು ಹಾಕುವ ಮೊದಲಿನ ಪೂರ್ತಿ ಸೈಜಿನದ್ದನ್ನು, ಅಳಿಸದೆ ಇಟ್ಟುಕೊಳ್ಳಿ. ತೆಗೆದದ್ದು ನೀವೇ ಅಂತ ತೋರಿಸಲು ಅದೇ ಸಾಕ್ಷಿ.

ಪ್ರಶ್ನೆ: ನಮ್ಮ ಕಡೆಯ ಉರುಟು ಬದನೆ ಮಟ್ಟುಗುಳ್ಳದ ಬಗ್ಗೆ ಒಂದು ದೊಡ್ಡ ಬರಹ ಬರೆದೆ. ಒಳ್ಳೆಯ ಫೋಟೊಗಳನ್ನೂ ಹಾಕಿದ್ದೇನೆ. ಆದರೆ ಲಿಂಕ್ ವಾಟ್ಸಾಪ್‌ನಲ್ಲಿ ಕಳಿಸಿದರೆ ಒಮ್ಮೆ ಫೋಟೊವೇ ಬರುವುದಿಲ್ಲ, ಒಮ್ಮೆ ಸೈಟ್‌ನ ಲೋಗೊ ಮಾತ್ರ ಬರುತ್ತದೆ. ಗುಳ್ಳದ ಫೋಟೊ ಬಂದರೂ ಅರ್ಧ ಗುಳ್ಳ. ಯಾಕೆ ಹೀಗೆ?
— ಓದುಗರೊಬ್ಬರು, ಕಟಪಾಡಿ

ಉತ್ತರ: ಲಿಂಕ್ ಜೊತೆ ಯಾವ ಫೋಟೊ ಹೋಗಬೇಕು ಅಂತ ನಿಮ್ಮ ಪುಟದ ಒಳಗೆ ಒಂದು ಸಾಲಿನಲ್ಲಿ ಬರೆದಿರಬೇಕು. ಅದಕ್ಕೆ ಓಜಿ ಇಮೇಜ್ ಅನ್ನುತ್ತಾರೆ. ಓಪನ್ ಗ್ರಾಫ್ ಅಂತ ಫೇಸ್‌ಬುಕ್ 2010ರಲ್ಲಿ ತಂದ ಪದ್ಧತಿ ಅದು. ಈಗ ವಾಟ್ಸಾಪ್, ಟೆಲಿಗ್ರಾಂ, ಲಿಂಕ್ಡ್‌ಇನ್ ಎಲ್ಲವೂ ಅದನ್ನೇ ಓದುತ್ತವೆ. ಆ ಸಾಲು ಇಲ್ಲದಿದ್ದರೆ ಅವು ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತವೆ, ಇಲ್ಲವೇ ಏನನ್ನೂ ತೋರಿಸುವುದಿಲ್ಲ. ನಿಮ್ಮ ಲೋಗೊ ಬಂದದ್ದು ಹಾಗೆ. ನೀವು ಕೋಡ್ ಬರೆಯಬೇಕಾಗಿಲ್ಲ. ನಿಮ್ಮ ಸೈಟ್ ವರ್ಡ್‌ಪ್ರೆಸ್‌ನಲ್ಲಿ ಮಾಡಿದ್ದಾದರೆ ಯೋಸ್ಟ್ ತರಹದ ಒಂದು ಪ್ಲಗಿನ್ (ಸೈಟ್‌ಗೆ ಸೇರಿಸುವ ಚಿಕ್ಕ ಸಾಫ್ಟ್‌ವೇರ್) ಹಾಕಿ, ಬರಹದ ಫೀಚರ್ಡ್ ಇಮೇಜ್ ಜಾಗದಲ್ಲಿ ಫೋಟೊ ಕೊಟ್ಟರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ.

ಅಳತೆ 1200 ಪಿಕ್ಸೆಲ್ ಅಗಲ, 630 ಎತ್ತರ ಇರಲಿ. ತೂಕ 300 ಕೆಬಿ ಒಳಗೆ ಇಟ್ಟರೆ ವಾಟ್ಸಾಪ್ ಕಿರಿಕಿರಿ ಮಾಡುವುದಿಲ್ಲ. ಫೋನಿನಿಂದ ನೇರ ಹಾಕಿದ ಫೋಟೊ ಮೂರು ನಾಲ್ಕು ಎಂಬಿ ಇರುತ್ತದೆ, ಕೆಲವೊಮ್ಮೆ ಫೋಟೊವೇ ಬರದಿರಲು ಕಾರಣ ಹೆಚ್ಚಾಗಿ ಇದೇ. ಸ್ಕ್ವೂಶ್ ಅಂತ ಗೂಗಲ್‌ನವರದೊಂದು ಉಚಿತ ಸೈಟ್ ಇದೆ. ಅಲ್ಲಿ ಫೋಟೊ ಹಾಕಿ ಜೆಪೆಗ್ ಗುಣಮಟ್ಟವನ್ನು 75ಕ್ಕೆ ಇಳಿಸಿ ನೋಡಿ. ಮೊದಲಿನದು, ಈಗಿನದು ಅಕ್ಕಪಕ್ಕ ಕಾಣುತ್ತದೆ, ಗುಳ್ಳದ ಮೇಲಿನ ಗೀಟು ಹಾಗೇ ಇದ್ದರೆ ಸರಿ.

ಇನ್ನು ಅರ್ಧ ಗುಳ್ಳದ ವಿಷಯ. ಅದೇ ಫೋಟೊವನ್ನು ವಾಟ್ಸಾಪ್ ಕೆಲವು ಕಡೆ ಅಗಲವಾಗಿ ತೋರಿಸುತ್ತದೆ, ಕೆಲವು ಕಡೆ ಅಂಗೈಗಿಂತ ಚಿಕ್ಕ ಚೌಕ ಮಾಡುತ್ತದೆ. ಚೌಕ ಮಾಡುವಾಗ ಎಡಬಲ ಎರಡೂ ಹೋಗುತ್ತದೆ. ಹಾಗಾಗಿ ಮುಖ್ಯವಾದದ್ದು ನಡುವೆ ಇರಬೇಕು. ಬುಟ್ಟಿ ತುಂಬ ಗುಳ್ಳ ಸುರಿದ ಫೋಟೊ ಎದುರಿಗೆ ನೋಡಲು ಚೆಂದ, ಚಿಕ್ಕ ಚೌಕದಲ್ಲಿ ಮಾತ್ರ ಅದು ಹಸಿರು ರಾಶಿ. ಒಂದೇ ಒಂದು ಗುಳ್ಳವನ್ನು ಹತ್ತಿರದಿಂದ ತೆಗೆಯಿರಿ. ಅದರ ತಿಳಿ ಹಸಿರು ಮೈ, ಮೇಲಿನ ಬಿಳಿ ಗೀಟು, ತೊಟ್ಟು ಕಾಣಲಿ. ಮಟ್ಟುಗುಳ್ಳಕ್ಕೆ 2011ರಲ್ಲೇ ಜಿಐ ಮಾನ್ಯತೆ, ಅಂದರೆ ಇದು ಇಂಥ ಊರಿನದೇ ಬೆಳೆ ಅನ್ನುವ ಗುರುತು, ಸಿಕ್ಕಿದೆ. ಆದರೂ ಯಾವ ಉರುಟು ಬದನೆಗೂ ಆ ಹೆಸರು ಹೇಳಿ ಮಾರುವವರಿದ್ದಾರೆ. ನಿಮ್ಮ ಫೋಟೊ ನೋಡಿ ಜನ ಅಸಲಿಯನ್ನು ಗುರುತಿಸುವ ಹಾಗಾದರೆ ಅದಕ್ಕಿಂತ ದೊಡ್ಡ ಪ್ರಯೋಜನ ಬೇರೆ ಯಾವುದಿದೆ?

ಫೋಟೊ ಬದಲಿಸಿದ ಮೇಲೂ ಹಳೆಯದೇ ಬಂದರೆ ಗಾಬರಿ ಬೇಡ. ಫೇಸ್‌ಬುಕ್ ಒಮ್ಮೆ ಓದಿದ್ದನ್ನು ಇಟ್ಟುಕೊಂಡಿರುತ್ತದೆ. ಅವರದೇ ಶೇರಿಂಗ್ ಡೀಬಗರ್ ಅನ್ನುವ ಪುಟಕ್ಕೆ ಹೋಗಿ ಲಿಂಕ್ ಹಾಕಿ ಸ್ಕ್ರೇಪ್ ಅಗೇನ್ ಒತ್ತಿ. ವಾಟ್ಸಾಪ್‌ನಲ್ಲಿ ಈಗಾಗಲೇ ಕಳಿಸಿದ ಮೆಸೇಜ್‌ನ ಚಿತ್ರ ಬದಲಾಗುವುದಿಲ್ಲ. ಕಳಿಸುವ ಫೋನಿನಲ್ಲೇ ಆ ಚಿತ್ರ ತಯಾರಾಗಿ ಮೆಸೇಜ್ ಜೊತೆ ಹೋಗಿರುತ್ತದೆ. ಅದಕ್ಕೇ ಊರಿಗೆಲ್ಲ ಕಳಿಸುವ ಮೊದಲು ನಿಮಗೇ ಒಮ್ಮೆ ಕಳಿಸಿ ನೋಡಿಕೊಳ್ಳಿ.

ಪ್ರಶ್ನೆ: ಫೋಟೊ ಮೇಲೆ ಕನ್ನಡದಲ್ಲಿ ಬರೆದರೆ ಅಕ್ಷರ ಒಡೆದು ಹೋಗುತ್ತದೆ, ಇಲ್ಲವೇ ಓದಲು ಆಗುವುದಿಲ್ಲ. ಇಂಗ್ಲಿಷ್‌ನಲ್ಲೇ ಬರೆಯುವುದು ಒಳ್ಳೆಯದಾ?
— ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಇಲ್ಲ. ದಯವಿಟ್ಟು ಕನ್ನಡದಲ್ಲೇ ಬರೆಯಿರಿ. ನಿಮ್ಮ ಗಿರಾಕಿ ಕನ್ನಡ ಓದುವವರಾದರೆ ನೂರು ಇಂಗ್ಲಿಷ್ ಪೋಸ್ಟರ್ ನಡುವೆ ಕನ್ನಡ ಅಕ್ಷರವೇ ಅವರ ಕಣ್ಣು ಹಿಡಿದು ನಿಲ್ಲಿಸುವುದು.

ಈ ಕಷ್ಟ ನಾನೂ ಉಂಡಿದ್ದೇನೆ. ಕೆಲವು ವರ್ಷದ ಹಿಂದೆ ನಿಮ್ಮೂರಿನಲ್ಲೇ ಒಂದು ಕಾರ್ಯಕ್ರಮಕ್ಕೆ ಪೋಸ್ಟರ್ ಮಾಡಿದ್ದೆ. ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇತ್ತು. ಫೈಲ್ ಕಳಿಸಿದೆ, ಅಲ್ಲಿ ಬೇರೆಯವರು ಅದನ್ನು ತೆರೆದು ದಿನಾಂಕ ತಿದ್ದಿ ಹಂಚಿದರು. ರಾತ್ರಿ ನನ್ನ ಫೋನಿಗೆ ಬಂದ ಚಿತ್ರದಲ್ಲಿ ಬ್ರಹ್ಮಾವರ ಅನ್ನುವುದು ಬ್‌ರಹ್‌ಮಾವರ ಆಗಿತ್ತು. ಒತ್ತಕ್ಷರ ಎರಡೂ ಕೆಳಗಿಳಿಯದೆ ಪಕ್ಕಕ್ಕೆ ಬಂದು ನಿಂತಿದ್ದವು. ಅಷ್ಟು ಹೊತ್ತಿಗೆ ಅದು ಎಷ್ಟೋ ಗ್ರೂಪ್ ಸುತ್ತಿತ್ತು. ತುಂಬ ನೋವಾಯಿತು, ಊರಿನ ಹೆಸರೇ ಅಲ್ವಾ. ಆವತ್ತಿನಿಂದ ತಿದ್ದಲು ಬರುವ ಫೈಲ್ ಕಳಿಸುವಾಗ ಅಕ್ಷರಗಳನ್ನು ಔಟ್‌ಲೈನ್ ಮಾಡಿ (ಫಾಂಟ್ ಬೇಡದ ಹಾಗೆ ಗೆರೆಗಳ ಆಕಾರ ಮಾಡಿ), ಅಥವಾ ಪಿಎನ್‌ಜಿ ಚಿತ್ರ ಮಾಡಿಯೇ ಕಳಿಸುತ್ತೇನೆ.

ಒಡೆಯಲು ಕಾರಣ ಸಾಮಾನ್ಯವಾಗಿ ಎರಡು. ಒಂದು, ನುಡಿ ಅಥವಾ ಬರಹ ಅನ್ನುವ ಕನ್ನಡ ಸಾಫ್ಟ್‌ವೇರ್‌ನ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಡೆ ತೆರೆಯುವುದು. ಅದಕ್ಕೆ ಎಲ್ಲ ಕಡೆ ಓದಲು ಬರುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಫೋನಿನ ಕೀಬೋರ್ಡ್ ಎಲ್ಲ ಯೂನಿಕೋಡೇ. ಎರಡನೆಯದು, ಸಾಫ್ಟ್‌ವೇರ್‌ಗೆ ಒತ್ತಕ್ಷರ ಕೂಡಿಸಲು ಗೊತ್ತಾಗದಿರುವುದು. ಫೋಟೊಶಾಪ್‌ನ 2022ಕ್ಕಿಂತ ಹಿಂದಿನ ಆವೃತ್ತಿಯಲ್ಲಿ ಪ್ರಿಫರೆನ್ಸಸ್ ಒಳಗೆ ಟೈಪ್ ಅಂತ ಇದೆ, ಅಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿದರೆ ಸರಿಯಾಗುತ್ತದೆ. ಇನ್ನೂ ಹಳೆಯ ಆವೃತ್ತಿಯಲ್ಲಿ ಅದರ ಹೆಸರು ಮಿಡಲ್ ಈಸ್ಟರ್ನ್ ಆಂಡ್ ಸೌತ್ ಏಷ್ಯನ್ ಅಂತ ಇತ್ತು. ಆರಿಸಿದ ಮೇಲೆ ಹೊಸ ಫೈಲ್ ತೆರೆದು ಟೈಪ್ ಮಾಡಿ. ಫೋನಿನಲ್ಲಿ ಕ್ಯಾನ್ವಾ ಬಳಸಿದರೆ ಈ ತಲೆನೋವು ಕಡಿಮೆ.

ಓದಲು ಆಗದಿರುವುದಕ್ಕೆ ಕಾರಣ ಬೇರೆ. ನಮ್ಮ ಲಿಪಿ ಮೂರು ಮಹಡಿಯದು. ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು. ರಾಷ್ಟ್ರ, ಸ್ತ್ರೀ ಅನ್ನುವಂಥ ಪದದಲ್ಲಿ ಒತ್ತಿನ ಮೇಲೊಂದು ಒತ್ತು. ಇಂಗ್ಲಿಷ್‌ಗೆ ಮಾಡಿಟ್ಟ ಡಿಸೈನ್‌ನಲ್ಲಿ ಸುಮ್ನೆ ಕನ್ನಡ ತುಂಬಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲಿನ ನಡುವಿನ ಅಂತರವನ್ನು ಒಂದೂವರೆ ಪಟ್ಟು ಮಾಡಿ. ಅಕ್ಷರವೂ ಇಂಗ್ಲಿಷ್‌ಗಿಂತ ಸ್ವಲ್ಪ ದೊಡ್ಡದಿರಲಿ. ಅಕ್ಷರಗಳ ನಡುವೆ ಜಾಗ ಬಿಡಿಸುವ ಆಯ್ಕೆಯನ್ನು ಮುಟ್ಟಬೇಡಿ, ಇಂಗ್ಲಿಷ್‌ಗೆ ಅದು ಸ್ಟೈಲ್, ಕನ್ನಡಕ್ಕೆ ಅದರಿಂದ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಆಗುವ ಅಪಾಯ ಇದೆ.

ಫಾಂಟ್ ಬೇಕಾದರೆ ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಅನೆಕ್ ಕನ್ನಡ, ಬಲೂ ತಮ್ಮ, ತಿರೊ ಕನ್ನಡ ಎಲ್ಲ ಉಚಿತ, ವ್ಯಾಪಾರಕ್ಕೂ ಬಳಸಬಹುದು. ದಪ್ಪ ತಲೆಬರಹಕ್ಕೆ ಬಲೂ ತಮ್ಮ ಚೆನ್ನಾಗಿ ಕೂರುತ್ತದೆ. ಅಂಗಡಿಗೆ ಒಂದೇ ಒಂದು ಫಾಂಟ್ ಇಟ್ಟುಕೊಳ್ಳಿ, ಹೆಚ್ಚೆಂದರೆ ಎರಡು.

ಬಣ್ಣದ ಫೋಟೊ ಮೇಲೆ ನೇರ ಬರೆಯುವ ಬದಲು ಅಕ್ಷರದ ಹಿಂದೆ ಒಂದು ಗಟ್ಟಿ ಪಟ್ಟಿ ಹಾಕಿ. ಬಸ್ಸಿನ ಬೋರ್ಡ್ ನೆನಪಿಸಿಕೊಳ್ಳಿ. ಮಂಗಳೂರಿನ ಹಂಪನಕಟ್ಟೆಯಲ್ಲಿ ನಿಂತವರಿಗೆ ದೂರದಿಂದ ಬರುವ ಬಸ್ಸಿನ ಊರು ಓದಲು ಆಗುವುದು ಅಕ್ಷರದ ಹಿಂದೆ ಒಂದೇ ಬಣ್ಣ ಇರುವುದರಿಂದ. ಪದ ಐದಾರು ಸಾಕು. ಬರೆದಾದ ಮೇಲೆ ಫೋನನ್ನು ಕೈ ಚಾಚಿ ಹಿಡಿದು ನೋಡಿ. ಕನ್ನಡಕ ಹಾಕುವ ಹಿರಿಯರು ಮನೆಯಲ್ಲಿದ್ದರೆ ಅವರಿಗೆ ಕನ್ನಡಕ ತೆಗೆದು ಓದಲು ಹೇಳಿ.

ಪ್ರಶ್ನೆ: ಯಾವುದಕ್ಕೆ ಯಾವ ಅಳತೆ?
— ಓದುಗರೊಬ್ಬರು, ಸುರತ್ಕಲ್

ಉತ್ತರ: ಇನ್‌ಸ್ಟಾಗ್ರಾಂ ಪೋಸ್ಟ್‌ಗೆ 1080 ಪಿಕ್ಸೆಲ್ ಅಗಲ, 1350 ಎತ್ತರ. ಅಲ್ಲಿ ಪ್ರೊಫೈಲ್‌ನಲ್ಲಿ ಕಾಣುವ ಚೌಕಗಳು 2025ರಲ್ಲಿ ಉದ್ದ ಆಗಿವೆ, ಹಳೆಯ ಚೌಕದ ಲೆಕ್ಕ ಬಿಡಿ. ವಾಟ್ಸಾಪ್ ಸ್ಟೇಟಸ್‌ಗೆ 1080 ಅಗಲ, 1920 ಎತ್ತರ, ಮೇಲೆ ಕೆಳಗೆ ಅಕ್ಷರ ಬೇಡ, ಅಲ್ಲಿ ಹೆಸರು, ರಿಪ್ಲೈ ಎಲ್ಲ ಬಂದು ಕೂರುತ್ತದೆ. ಯೂಟ್ಯೂಬ್ ಥಂಬ್‌ನೇಲ್‌ಗೆ 1280 ಅಗಲ, 720 ಎತ್ತರ. ಫೈಲಿನ ಬಗೆ ಹೇಳುವುದಾದರೆ, ಫೋಟೊ ಆದರೆ ಜೆಪೆಗ್ ಅಥವಾ ವೆಬ್‌ಪಿ, ಬರೀ ಅಕ್ಷರ ಮತ್ತು ಲೋಗೊ ಆದರೆ ಪಿಎನ್‌ಜಿ.

ಪ್ರಶ್ನೆ: ಉಡುಪಿ ಕೈಮಗ್ಗದ ಸೀರೆ ಮಾರುತ್ತೇನೆ. ಫೋಟೊದಲ್ಲಿ ಒಂದು ಬಣ್ಣ, ಕೈಗೆ ಬಂದಾಗ ಇನ್ನೊಂದು ಅಂತ ದೂರು ಜಾಸ್ತಿ. ಮಳೆಗಾಲದಲ್ಲಂತೂ ಬೆಳಕೇ ಇಲ್ಲ.
— ಓದುಗರೊಬ್ಬರು, ಉಡುಪಿ

ಉತ್ತರ: ಮಳೆಗಾಲದ ಬೆಳಕಿಗೆ ನೀವು ಅನ್ಯಾಯ ಮಾಡುತ್ತಿದ್ದೀರಿ! ಬಟ್ಟೆಗೆ ಅದಕ್ಕಿಂತ ಒಳ್ಳೆಯ ಬೆಳಕು ಸಿಗುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಅಂಗಳದಲ್ಲಿ ಸೀರೆ ಹರಡಿ ತೆಗೆದರೆ ಮಡಿಕೆಯ ನೆರಳು ಕಪ್ಪಗೆ, ಉಳಿದದ್ದು ಬೆಳ್ಳಗೆ. ಜೂನ್ ಜುಲೈಯಲ್ಲಿ ಮೋಡವೇ ಒಂದು ದೊಡ್ಡ ಬಿಳಿ ಪರದೆ. ಬೆಳಗ್ಗೆ ಹತ್ತರ ಹೊತ್ತಿಗೆ ಜಗಲಿಯ ತುದಿಗೆ ಬನ್ನಿ, ಮಳೆಯ ಎರಚಲು ತಾಗದಷ್ಟು ಒಳಗೆ ಸೀರೆ ಹರಡಿ. ಮುಖ್ಯವಾಗಿ ಒಳಗಿನ ಟ್ಯೂಬ್‌ಲೈಟ್, ಬಲ್ಬ್ ಎಲ್ಲ ಆರಿಸಿ. ಹೊರಗಿನ ಬೆಳಕು ನೀಲಿ ಕಡೆಗೆ, ಬಲ್ಬಿನ ಬೆಳಕು ಹಳದಿ ಕಡೆಗೆ. ಎರಡೂ ಬಿದ್ದರೆ ಫೋನಿಗೆ ಬಿಳಿ ಯಾವುದು ಅಂತಲೇ ಗೊತ್ತಾಗುವುದಿಲ್ಲ, ನಿಮ್ಮ ಮೆರೂನ್ ಕಂದು ಆಗುವುದು ಹಾಗೆ.

ನೆರಳು ಬೀಳುವ ಕಡೆ ಯಾರನ್ನಾದರೂ ಒಂದು ಬಿಳಿ ಪಂಚೆ ಹಿಡಿದು ನಿಲ್ಲಿಸಿ. ಅಷ್ಟರಲ್ಲೇ ಅರ್ಧ ಕೆಲಸ ಆಯಿತು. ಸೀರೆಯ ಪಕ್ಕದಲ್ಲಿ ಒಂದು ಬಿಳಿ ಕಾಗದವೂ ಫೋಟೊದಲ್ಲಿ ಇರಲಿ. ಆಮೇಲೆ ಬಣ್ಣ ತಿದ್ದುವಾಗ ಕಾಗದ ಬೆಳ್ಳಗೆ ಕಾಣುವಷ್ಟು ಮಾತ್ರ ತಿದ್ದಿ, ಕಾಗದದ ಭಾಗ ಕತ್ತರಿಸಿ. ಬಣ್ಣ ಎದ್ದು ಕಾಣಲಿ ಅಂತ ಫಿಲ್ಟರ್ ಹಾಕಬೇಡಿ. ಎಐ ಬಳಸಿ ನಿಮ್ಮ ಸೀರೆಯನ್ನು ಯಾವುದೋ ಮಾಡೆಲ್‌ಗೆ ಉಡಿಸುವುದೂ ಬೇಡ. ಅದು ಅಂಚಿನ ಗೆರೆಯನ್ನು ತನಗೆ ತೋಚಿದ ಹಾಗೆ ನೇಯುತ್ತದೆ, ಮಗ್ಗದಲ್ಲಿ ಕೂತವರು ನೇಯ್ದದ್ದು ಅದಲ್ಲ.

ಒಂದು ಫೋಟೊ ಪೂರ್ತಿ ಸೀರೆಯದ್ದು ಸಾಕು. ಇನ್ನೊಂದನ್ನು ಅಂಚು ಮತ್ತು ಮೈ ಕೂಡುವ ಜಾಗಕ್ಕೆ ಒಂದು ಗೇಣು ಹತ್ತಿರ ಹೋಗಿ ತೆಗೆಯಿರಿ. ಕೈಮಗ್ಗದ ನೂಲು ಅಲ್ಲಲ್ಲಿ ಒಂದು ಕೂದಲಷ್ಟು ದಪ್ಪ ತೆಳು ಇರುತ್ತದೆ, ಅದು ಕಾಣಬೇಕು. ಪವರ್‌ಲೂಮ್ ಸೀರೆಯ ಫೋಟೊಕ್ಕೂ ನಿಮ್ಮದಕ್ಕೂ ಇರುವ ವ್ಯತ್ಯಾಸ ಇದೇ ಚಿತ್ರದಲ್ಲಿ ತಿಳಿಯುವುದು. ಜನ ಒಬ್ಬರಿಗೊಬ್ಬರು ಕಳಿಸುವುದೂ ಇಂಥದ್ದನ್ನೇ.

ಫೈಲಿಗೆ ಒಂದು ಸರಿಯಾದ ಹೆಸರು ಕೊಡಿ, ಕ್ಯಾಮೆರಾ ಕೊಟ್ಟ ಅಂಕಿಗಳನ್ನು ಹಾಗೇ ಬಿಡಬೇಡಿ. ಸೈಟ್‌ಗೆ ಫೋಟೊ ಹಾಕುವಾಗ ಆಲ್ಟ್ ಟೆಕ್ಸ್ಟ್ (ಫೋಟೊದ ವಿವರ) ಅಂತ ಕೇಳುವ ಕಡೆ "ಹಸಿರು ಮೈ, ಕೆಂಪು ಅಂಚಿನ ಉಡುಪಿ ಕೈಮಗ್ಗದ ಹತ್ತಿ ಸೀರೆ" ಅಂತ ಬರೆಯಿರಿ. ಕಣ್ಣು ಕಾಣದವರ ಫೋನ್ ಅದನ್ನೇ ಓದಿ ಹೇಳುವುದು. ಗೂಗಲ್ ಹುಡುಕಾಟಕ್ಕೂ ಅದು ಬೇಕು.

ಪ್ರಶ್ನೆ: ಊರಿನ ಬಗ್ಗೆ ಬರೆಯುವಾಗ ಗೂಗಲ್‌ನಲ್ಲಿ ಸಿಕ್ಕಿದ ಫೋಟೊ ಹಾಕಬಹುದಾ? ನಾನೇ ತೆಗೆದ ದೈವದ ಕೋಲದ ಫೋಟೊಗೆ ನನ್ನ ಲೋಗೊ ಹಾಕಿ ಹಂಚಬಹುದಾ?
— ಓದುಗರೊಬ್ಬರು, ಮೂಡುಬಿದಿರೆ

ಉತ್ತರ: ಫೋಟೊ ಎಲ್ಲಿದೆ ಅಂತ ಗೂಗಲ್ ತೋರಿಸುತ್ತದೆ ಅಷ್ಟೇ, ಫೋಟೊದ ಹಕ್ಕು ತೆಗೆದವರದು. 1957ರ ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಪ್ರಕಾರ ತೆಗೆದವರು ಬದುಕಿರುವಷ್ಟು ಕಾಲ, ಅವರು ತೀರಿಕೊಂಡ ಮೇಲೂ 60 ವರ್ಷ ಅದರ ಹಕ್ಕು ಇರುತ್ತದೆ. ಕೆಳಗೆ "ಕೃಪೆ: ಗೂಗಲ್" ಅಂತ ಬರೆದರೆ ಏನೂ ಬರೆಯದ ಹಾಗೆ. ವಿಕಿಮೀಡಿಯ ಕಾಮನ್ಸ್ ಅನ್ನುವ ಉಚಿತ ಫೋಟೊಗಳ ಸೈಟ್‌ನಲ್ಲಿ ಕಾಪು ದೀಪಸ್ತಂಭ, ಸೇಂಟ್ ಮೇರೀಸ್ ದ್ವೀಪ, ನಿಮ್ಮ ಸಾವಿರ ಕಂಬದ ಬಸದಿ ಎಲ್ಲದರ ಫೋಟೊ ಇದೆ. ಅಲ್ಲಿ ಪ್ರತಿ ಫೋಟೊದ ಕೆಳಗೆ ಷರತ್ತು ಬರೆದಿರುತ್ತದೆ, ಹೆಚ್ಚಿನವಕ್ಕೆ ತೆಗೆದವರ ಹೆಸರು ಮತ್ತು ಲೈಸೆನ್ಸ್ ಹೆಸರು ಹಾಕಬೇಕು. ಹಣ ಕೊಟ್ಟು ಫೋಟೊಗ್ರಾಫರ್ ಹತ್ತಿರ ತೆಗೆಸಿದ್ದಾದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕು ತೆಗೆಸಿದವರಿಗೇ ಬರುತ್ತದೆ.

ಕೋಲದ ವಿಷಯ ಬೇರೆ. ಕಾನೂನಿನಲ್ಲಿ ಫೋಟೊ ನಿಮ್ಮದೇ ಇರಬಹುದು. ಆದರೆ ದೈವದ ಮುಖವನ್ನು ನಿಮ್ಮ ಅಂಗಡಿಯ ಗುರುತು ಮಾಡಬೇಡಿ. ಮೊದಲು ಕೋಲ ನಡೆಸುವ ಮನೆಯವರನ್ನು ಕೇಳಿ, ವೇಷ ಕಟ್ಟಿದವರನ್ನು ಕೇಳಿ. ಬೇಡ ಅಂದರೆ ಬೇಡ. ಒಪ್ಪಿದರೂ ಫೋಟೊ ಮೇಲೆ ಲೋಗೊ ಬೇಡ, ಹೆಸರು ಕೆಳಗಿನ ಬರಹದಲ್ಲಿ ಇರಲಿ. ಕಾರ್ಕಳದವರಿಗೆ ಮೇಲೆ ಹೇಳಿದ್ದಕ್ಕೆ ಇದು ಉಲ್ಟಾ ಅಂತ ಗೊತ್ತು. ಪತ್ರೊಡೆ ನೀವು ಮಾಡಿದ್ದು. ಇದು ಊರಿನವರು ನಂಬಿ ನಡೆಸಿಕೊಂಡು ಬಂದದ್ದು. ಹುಲಿವೇಷ ಹಾಕಿದ ಮಕ್ಕಳ ಫೋಟೊ ಆದರೂ ಅಷ್ಟೇ, ಅಪ್ಪ ಅಮ್ಮನನ್ನು ಕೇಳದೆ ಹಾಕಬೇಡಿ.

ಪ್ರಶ್ನೆ: ಶಂಕರಪುರ ಮಲ್ಲಿಗೆಯ ಫೋಟೊ ಕಳಿಸಿದರೆ ಆ ಕಡೆ ಮಸುಕಾಗಿ ಕಾಣುತ್ತದಂತೆ. ಡಾಕ್ಯುಮೆಂಟ್ ಮಾಡಿ ಕಳಿಸಿ ಅಂತ ಒಬ್ಬರು ಹೇಳಿದರು. ಸರಿಯಾ?
— ಓದುಗರೊಬ್ಬರು, ಶಿರ್ವ

ಉತ್ತರ: ಸರಿ, ಆದರೆ ಒಂದು ಎಚ್ಚರಿಕೆ ಬೇಕು. ವಾಟ್ಸಾಪ್ ಮಾಮೂಲಿ ಕಳಿಸಿದ ಫೋಟೊವನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಮಲ್ಲಿಗೆಯ ಚೆಂಡಿನಲ್ಲಿ ಮೊಗ್ಗು ಒತ್ತೊತ್ತಾಗಿ ಇರುತ್ತದೆ ಅಲ್ವಾ, ಹಿಂಡಿದಾಗ ಬಿಳಿ ಬಿಳಿ ಸೇರಿ ಹತ್ತಿಯುಂಡೆ ಆಗುತ್ತದೆ. ಎಚ್‌ಡಿ ಗುಂಡಿ ಒತ್ತಿ ಕಳಿಸಿದರೆ ಸುಮಾರು ಸರಿಹೋಗುತ್ತದೆ. ತೆಗೆಯುವಾಗ ಕಪ್ಪು ಅಥವಾ ಬಾಳೆಲೆ ಹಸಿರಿನ ಮೇಲೆ ಇಡಿ, ಫೋನಿನ ಪರದೆಯಲ್ಲಿ ಹೂವಿನ ಮೇಲೆ ಬೆರಳಿಟ್ಟು ಬೆಳಕನ್ನು ಸ್ವಲ್ಪ ಇಳಿಸಿ, ಆಗ ಒಂದೊಂದು ಮೊಗ್ಗೂ, ಕಟ್ಟಿದ ಬಾಳೆ ನಾರೂ ಬೇರೆಯಾಗಿ ಕಾಣುತ್ತದೆ.

ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಒಂದು ಪಿಕ್ಸೆಲ್ಲೂ ಹೋಗುವುದಿಲ್ಲ. ಜೊತೆಗೆ ಫೋಟೊದೊಳಗೆ ಫೋನ್ ಬರೆದಿಟ್ಟ ಜಾಗದ ವಿವರವೂ ಹಾಗೇ ಹೋಗುತ್ತದೆ. ಮನೆಯಲ್ಲೇ ಹೂ ಕಟ್ಟಿ ಮನೆಯಲ್ಲೇ ಫೋಟೊ ತೆಗೆಯುವವರಿಗೆ ಅದು ಮನೆಯ ಬಾಗಿಲವರೆಗಿನ ದಾರಿ. ಗೊತ್ತಿಲ್ಲದವರಿಗೆ ಕಳಿಸುವ ಮೊದಲು ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಆಫ್ ಮಾಡಿ, ಆಮೇಲೆ ಹೊಸದಾಗಿ ಒಂದು ಫೋಟೊ ತೆಗೆದು ಅದನ್ನು ಕಳಿಸಿ. ಹಳೆಯ ಫೋಟೊಗಳಲ್ಲಿ ಬರೆದಿಟ್ಟ ಜಾಗ ಆಫ್ ಮಾಡಿದ ಮಾತ್ರಕ್ಕೆ ಅಳಿಯುವುದಿಲ್ಲ.